ಕಿವಿಯ ಹಿಂದೆ

ಮೂರನೆಯ ಸುತ್ತು ಹಾಕುವಾಗ ಕೂದಲಿನ ಬ್ಯಾಂಡು ಅವನ ಬೆರಳಿನಿಂದ ಚಿಮ್ಮಿ ಮಂಚದ ಕೆಳಗೆ ಹೋಯಿತು. ಹೆಂಡತಿ ತಿರುಗಿ ನೋಡಲಿಲ್ಲ. ಪ್ಲಾಸ್ಟರ್ ಹಾಕಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು.

"ಜಡೆ ಹಾಕಿ ಅಂದಿಲ್ಲ. ಬರೀ ಪೋನಿಟೇಲ್. ನನ್ನ ಕ್ಲಾಸಿನ ಪುಟಾಣಿಗಳೇ ಕಟ್ಕೊಂಡು ಬರ್ತಾರೆ."

"ಕಟ್ತಿದೀನಲ್ಲ."

ಕೈ ಮುರಿದಂದಿನಿಂದ ಅವಳ ಅಕ್ಕ ಬಂದಿದ್ದು ತಲೆ ಬಾಚುತ್ತಿದ್ದಳು. ನಿನ್ನೆ ಅಕ್ಕ ಊರಿಗೆ ಹೊರಟಾಗ, ಮನೆಯಲ್ಲಿ ಉಳಿದವರು ತಾವಿಬ್ಬರೇ ಎಂಬುದು ಅವನಿಗೆ ಹೊಸ ಸುದ್ದಿಯಂತೆ ತಟ್ಟಿತ್ತು. ಕಾಲೇಜಿನಲ್ಲಿ ಭೂಗೋಳ ಹೇಳುವವನು. ಯಾವ ನದಿ ಎಲ್ಲಿ ತಿರುಗುತ್ತದೆಂದು ಕಣ್ಣು ಮುಚ್ಚಿಕೊಂಡು ಗೆರೆ ಎಳೆಯಬಲ್ಲ. ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಮಲಗಿದವಳ ಬೈತಲೆ ನಡುವೆಯೋ ಪಕ್ಕಕ್ಕೋ ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದ.

ಬಗ್ಗಿ ಬ್ಯಾಂಡು ಹೆಕ್ಕಿಕೊಂಡು ಕೂದಲನ್ನು ಮತ್ತೆ ಮುಷ್ಟಿಯಲ್ಲಿ ಹಿಡಿದ. ಇಷ್ಟು ಹಗುರವಿರಬಹುದೆಂದು ಎಣಿಸಿರಲಿಲ್ಲ. ಎಳೆದರೆ ನೋವಾದೀತೆಂದು ಸಡಿಲ ಬಿಟ್ಟ, ಜಾರಿತು. ಎಡಗಿವಿಯ ಹಿಂದೆ ಎತ್ತಿ ಹಿಡಿದಾಗ ಬೆಳ್ಳನೆಯ ಗೆರೆಯೊಂದು ಕಂಡಿತು. ಹೊಲಿಗೆ ಬಿದ್ದಿದ್ದ ಹಳೆಯ ಗಾಯ.

"ಇದು ಯಾವಾಗ ಆಗಿದ್ದು?"

ಅವಳು ಎಡಗೈಯಿಂದ ಆ ಗೆರೆಯನ್ನು ಮುಟ್ಟಿ ನೋಡಿಕೊಂಡಳು.

"ಮದುವೆಯಾದ ಹೊಸದರಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದಿದ್ದೆ. ನೀವೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರಿ."

"ನಾನಾ?"

"ದಾರಿಯುದ್ದಕ್ಕೂ ಕೈ ಹಿಡ್ಕೊಂಡಿದ್ರಿ." ದನಿಯಲ್ಲಿ ದೂರಿರಲಿಲ್ಲ. "ಹೊತ್ತಾಯ್ತು, ಕಟ್ಟಿ."

ಅವನು ನೆನಪಿನಲ್ಲಿ ತಡಕಾಡಿದ. ಬಚ್ಚಲು ಸಿಕ್ಕಿತು. ಆಸ್ಪತ್ರೆಯ ಬಾಗಿಲೂ ಸಿಕ್ಕಿತು. ಹಿಡಿದ ಕೈ ಸಿಗಲಿಲ್ಲ. ಅಷ್ಟು ಅಕ್ಕರೆಯಿಂದ ನಡೆದುಕೊಂಡವನು ಬೇರೆ ಯಾರೋ ಇರಬೇಕು ಅನ್ನಿಸಿ, ಆ ಬೇರೆಯವನ ಮೇಲೆ ಹೊಟ್ಟೆಕಿಚ್ಚಾಯಿತು.

ಕಟ್ಟಿದ್ದು ಬಲಕ್ಕೆ ವಾಲಿತು. ಅವಳು ಕನ್ನಡಿಯ ಮುಂದೆ ಕತ್ತು ಓರೆ ಮಾಡಿದಳು.

"ಕುದುರೆ ಬಾಲ ಕಟ್ಟಿ ಅಂದ್ರೆ ನಾಯಿ ಬಾಲ ಕಟ್ಟಿದೀರಿ."

"ಬಿಚ್ಚಿ ಕಟ್ಲಾ?"

"ಬೇಡ. ಇರಲಿ."

ಹಾಗೇ ಶಾಲೆಗೆ ಹೋದಳು.

ಮಧ್ಯಾಹ್ನ ನಕ್ಷೆಯ ಮುಂದೆ ಅವನು ಮಾತು ಮರೆತು ನಿಂತ. "ಮುಂದೆ, ಸಾರ್?" ಎಂದು ಯಾರೋ ಕೇಳಿದರು. ನದಿಯ ಗೆರೆಯ ಮೇಲೆ ಮತ್ತೆ ಮೊದಲಿನಿಂದ ಬೆರಳಾಡಿಸಿದ.

ಸಂಜೆ ಅವಳು ಬಂದಾಗ ಬಾಲ ಇನ್ನೂ ವಾಲಿಕೊಂಡೇ ಇತ್ತು. ಜೊತೆಯ ಟೀಚರು ಸರಿಮಾಡಿ ಕೊಡುತ್ತೇನೆಂದರಂತೆ. ಇವಳು ಬೇಡವೆಂದಳಂತೆ.

"ಯಾಕೆ?"

"ಹಾಗೇ." ಸ್ಟೂಲು ಎಳೆದುಕೊಂಡು ಕೂತಳು. "ಬಿಚ್ಚಿ ಈಗ. ತಲೆ ಸಿಡೀತಿದೆ."

ಸಿಕ್ಕಿಕೊಂಡ ಎಳೆಗಳನ್ನು ಒಂದೊಂದಾಗಿ ಬಿಡಿಸಿದ.

"ನೆನಪಾಯ್ತು," ಎಂದ. "ಆಸ್ಪತ್ರೆಗೆ ಹೋಗಿದ್ದು. ಕೈ ಹಿಡಿದಿದ್ದು."

ಅದು ಸುಳ್ಳು.

"ಹೌದಾ," ಎಂದಳು. ಮುಂದೆ ಏನೂ ಕೇಳದೆ ತಲೆಯನ್ನು ಹಿಂದಕ್ಕೆ, ಅವನ ಕೈಗೆ ಒರಗಿಸಿದಳು.

ಬ್ಯಾಂಡು ಕಳಚಿತು, ಕೂದಲು ಬೆನ್ನ ಮೇಲೆ ಹರಡಿತು. ಬಿಗಿದಿದ್ದ ಕಡೆ ಮಾತ್ರ ಒಂದು ಮಡಿಕೆ ಉಳಿದಿತ್ತು, ಈಗಲೂ ಏನೋ ಕಟ್ಟಿದೆಯೆಂಬಂತೆ. ಅಂಗೈಯಿಂದ ನೇವರಿಸಿದ. ಹೋಗಲಿಲ್ಲ. ಅವಳು ಕಣ್ಣು ಮುಚ್ಚಿದ್ದಳು. ಮತ್ತೆ ನೇವರಿಸಿದ.