ಏಳು ಮನೆಯ ಹರಕೆ

ಮಣಿಪಾಲದ ಆ ಫ್ಲ್ಯಾಟಿನ ಮೆಟ್ಟಿಲ ಬಳಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ತೂಗುಹಾಕಿದ್ದನ್ನು ಕಂಡಾಗ ಸುಗಂಧಿಗೆ ಮೊದಲು ಬಂದದ್ದು ನಗು. ಮರುದಿನ ರಾಜ್ಯೋತ್ಸವವೆಂದು ಕೆಂಪು ಹಳದಿ ತೋರಣವನ್ನೂ ಅದೇ ಮೊಳೆಗೆ ಕಟ್ಟಿದ್ದರು. ಹೀಗಾಗಿ ಅಸ್ಥಿಪಂಜರ ಯಾವುದೋ ಕನ್ನಡ ಸಂಘದ ಹಿರಿಯ ಸದಸ್ಯನಂತೆ ಕಾಣುತ್ತಿತ್ತು. ಸಂಜೆ ಫ್ಲ್ಯಾಟಿನ ಮಕ್ಕಳೆಲ್ಲ ದೆವ್ವ ಪಿಶಾಚಿಗಳ ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುತ್ತಾರಂತೆ, ಅದಕ್ಕೆ ಹ್ಯಾಲೊವೀನ್ ಎಂದು ಹೆಸರಂತೆ. ಅಂತೂ ಅಮೆರಿಕದವರಿಗೂ ನವರಾತ್ರಿ ಇದೆ ಎಂದಾಯಿತು ಎಂದು ಸುಗಂಧಿ ಅಂದುಕೊಂಡಳು. ಹಾಗೆ ಅಂದುಕೊಂಡ ಕೂಡಲೇ ಎದೆಯೊಳಗೆ ಹಳೆಯ ಭಾರ ಎದ್ದು ಕೂತಿತು.

ಅವಳು ಕಾಪುವಿನ ಕಡಲಬದಿಯಲ್ಲಿ ಹುಟ್ಟಿ, ಅಲ್ಲಿಗೇ ಮದುವೆಯಾಗಿ, ಮೀನಿನ ಬುಟ್ಟಿ ಹೊತ್ತು ಮಗನನ್ನು ಓದಿಸಿದವಳು. ವೇಷವೆಂದರೆ ಅವಳಿಗೆ ಮೋಜಲ್ಲ, ಹರಕೆ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಗುಣವಾದರೆ ನವರಾತ್ರಿಗೆ ವೇಷ ಹಾಕುತ್ತೇವೆಂದು ದೇವಿಗೆ ಹೇಳಿಕೊಳ್ಳುವುದು. ಗುಣವಾದ ಮೇಲೆ ಹುಲಿಯೋ ಕರಡಿಯೋ ಹುಚ್ಚನೋ ಆಗಿ ಬಾಗಿಲು ಬಾಗಿಲಿಗೆ ಹೋಗಿ ಬೇಡುವುದು. ಸಿಕ್ಕಿದ್ದನ್ನು ದೇವಿಯ ಡಬ್ಬಿಗೆ ಹಾಕುವುದು. ಎಷ್ಟೇ ಉಳ್ಳವನಾದರೂ ಕೈಚಾಚಲೇಬೇಕು. ಕೈಚಾಚಿದರಷ್ಟೇ ಹರಕೆ ಸಂದ ಹಾಗೆ.

ಮಗ ಶ್ರವಣ್ ಚಿಕ್ಕವನಿರುವಾಗ ಅವನಿಗೆ ಕಾಮಾಲೆ ಬಂದು, ಬದುಕಿದ್ದೇ ದೊಡ್ಡದು. ಅಂದಿನಿಂದ ಗಂಡ ತಾರಾನಾಥ ವರ್ಷವರ್ಷವೂ ಕರಡಿ ವೇಷ ಹಾಕಿದ. ಮಳೆ ಬಿಟ್ಟು ದೋಣಿಗಳು ಮತ್ತೆ ಕಡಲಿಗಿಳಿದಿರುತ್ತಿದ್ದವು. ಹೊಸ ಭತ್ತದ ಕದಿರನ್ನು ಬಾಗಿಲಿಗೆ ಕಟ್ಟಿದ ಆ ವಾರದಲ್ಲಿ ಜಗಲಿಯ ಮೇಲೆ ಕರಡಿಯೊಂದು ಕಾಲಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿತ್ತು. ಬೀದಿಯ ನಾಯಿಗಳು ಬೊಗಳಿ ಬೊಗಳಿ ಗಂಟಲು ಹರಿದುಕೊಳ್ಳುತ್ತಿದ್ದವು. ಶ್ರವಣ್ ಶಾಲೆಯ ಮಕ್ಕಳನ್ನೆಲ್ಲ ಕರೆತಂದು, ಇದು ನಮ್ಮ ಮನೆಯ ಕರಡಿ ಎಂದು ಜಂಬದಿಂದ ತೋರಿಸುತ್ತಿದ್ದ. ರಾತ್ರಿ ಊಟಕ್ಕೆ ಮೊದಲು ಗಂಡನ ಕತ್ತಿನ ಮಸಿಯನ್ನು ತೆಂಗಿನೆಣ್ಣೆ ಹಚ್ಚಿ ತಿಕ್ಕಿ ತೆಗೆಯುವುದು ಸುಗಂಧಿಯ ಕೆಲಸ. ತಾರಾನಾಥ ತೀರಿಹೋಗಿ ವರ್ಷಗಳಾದರೂ ನವರಾತ್ರಿ ಬಂತೆಂದರೆ ಅವಳ ಬೆರಳಿಗೆ ಆ ಕತ್ತಿನ ನೆನಪಾಗುತ್ತದೆ.

ಈಗ ಶ್ರವಣ್ ಮಸ್ಕತ್ತಿನಲ್ಲಿದ್ದಾನೆ. ಅವನ ಹೆಂಡತಿ ಕಾವ್ಯ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಡಂ. ಬೆಳಿಗ್ಗೆ ಬಸ್ಸು ಹತ್ತಿದರೆ ಮರಳುವುದು ಸಂಜೆಗೆ. ಹಾಗಾಗಿ ಮೊಮ್ಮಗಳು ಚೈತಾಲಿಯನ್ನು ನೋಡಿಕೊಳ್ಳಲು ಸುಗಂಧಿ ಕಾಪುವಿನ ಮನೆಗೆ ಬೀಗ ಹಾಕಿ ಮಣಿಪಾಲಕ್ಕೆ ಬಂದಿದ್ದಳು. ಅತ್ತೆ ಸೊಸೆ ಎಣ್ಣೆ ಸೀಗೆಕಾಯಿಯೇನಲ್ಲ, ಹಾಗಂತ ಹಾಲು ಜೇನೂ ಅಲ್ಲ. ಕಾವ್ಯಳದು ಅಳೆದು ತೂಗಿದ ಮಾತು. ಕಾರ್ಕಳದವಳು, ತಂದೆತಾಯಿ ಇಲ್ಲ ಎಂಬಷ್ಟೇ ಸುಗಂಧಿಗೆ ಗೊತ್ತು. ತವರಿನ ಸುದ್ದಿ ಎತ್ತಿದರೆ ಕಾವ್ಯ ಕುಕ್ಕರಿನ ಸೀಟಿಯ ಕಡೆಗೆ ಗಮನ ಕೊಡುತ್ತಿದ್ದಳು.

ಆಗಸ್ಟಿನಲ್ಲಿ ಚೈತಾಲಿಗೆ ಡೆಂಗೀ ಜ್ವರ ಬಂತು. ಮಗುವಿನ ಕೈಯಲ್ಲಿ ಸೂಜಿ ಚುಚ್ಚಲು ಜಾಗ ಸಿಗದೆ ನರ್ಸ್ ಪಾದದ ಮೇಲೆ ಹುಡುಕುತ್ತಿದ್ದುದನ್ನು ನೋಡಲಾಗದೆ ಸುಗಂಧಿ ಆಸ್ಪತ್ರೆಯ ಹೊರಗೆ ಬಂದು, ಮಳೆಗೆ ಮುಖ ಮಾಡಿ ಕಾಪುವಿನ ದೇವಿಗೆ ಹೇಳಿಕೊಂಡಳು. ಇದೊಂದು ಜೀವ ಉಳಿಸಿಕೊಡು, ನವರಾತ್ರಿಗೆ ಇವಳಿಗೆ ವೇಷ ಹಾಕಿಸಿ ಏಳು ಮನೆ ಬೇಡಿಸುತ್ತೇನೆ. ಯಾರ ಹತ್ತಿರವೂ ಕೇಳಲಿಲ್ಲ. ಜೀವ ಬಾಯಿಗೆ ಬಂದಾಗ ಯಾರು ಯಾರನ್ನು ಕೇಳುತ್ತಾರೆ? ಮಗು ಎದ್ದು ಕೂತಿತು, ಗಂಜಿ ಕುಡಿಯಿತು, ಮನೆಗೆ ಬಂತು. ಡಾಕ್ಟರರಿಗೆ ಕೈಮುಗಿದದ್ದು ಸೊಸೆ, ದೇವಿಗೆ ಕೈಮುಗಿದದ್ದು ಅತ್ತೆ.

ನವರಾತ್ರಿ ಬಂದಾಗ ಸುಗಂಧಿ ಮೆಲ್ಲಗೆ ವಿಷಯ ಎತ್ತಿದಳು. ಕಾವ್ಯಳ ಮುಖ ಕಲ್ಲಾಯಿತು. ಕಾಣಿಕೆ ಎಷ್ಟು ಬೇಕೋ ಅಷ್ಟು ತಾನು ಕೊಡುವುದಾಗಿ, ಡಬ್ಬಿಗೆ ಹಾಕಿ ಬರಬಹುದೆಂದು ಹೇಳಿದಳು. ದೇವಿಯೇನು ಬಿಲ್ಲು ವಸೂಲಿ ಮಾಡುವವಳಾ ಎಂದು ಸುಗಂಧಿ ಕೇಳಿದಳು.

“ನನ್ನ ಮಗಳು ಬೇಡುವುದಿಲ್ಲ ಅತ್ತೆ” ಎಂದಳು ಕಾವ್ಯ. ಮತ್ತೆ ಆ ಮಾತು ಎತ್ತಲಿಕ್ಕೆ ಬಿಡಲಿಲ್ಲ.

ಶ್ರವಣನಿಗೆ ಫೋನು ಮಾಡಿದರೆ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಜಾರಿಕೊಂಡ. ಇದು ಓದಿದವರ ಸೊಕ್ಕು ಎಂದು ಸುಗಂಧಿ ತೀರ್ಮಾನಿಸಿದಳು. ತನ್ನ ಗಂಡ ಊರೆದುರು ಕರಡಿಯಾಗಿ ಕೈಚಾಚಿದ್ದಕ್ಕೇ ತಾನೇ ಇವಳ ಗಂಡ ಬದುಕಿ ಇವಳಿಗೆ ಸಿಕ್ಕಿದ್ದು? ನವರಾತ್ರಿ ಕಳೆಯಿತು, ದೀಪಾವಳಿಯೂ ಕಳೆಯಿತು. ಚೈತಾಲಿ ಒಂದು ಸೀನು ಸೀನಿದರೂ ಸುಗಂಧಿ ಓಡಿಹೋಗಿ ಅವಳ ಹಣೆ ಮುಟ್ಟಿ ನೋಡತೊಡಗಿದಳು.

ಅಂಥ ಹೊತ್ತಿನಲ್ಲಿ ಈ ಹ್ಯಾಲೊವೀನ್ ಬಂತು. ಆಶ್ಚರ್ಯವೆಂದರೆ ಕಾವ್ಯಳೇ ಹಳೆಯ ಬಿಳಿ ಬೆಡ್‌ಶೀಟಿಗೆ ಎರಡು ಕಣ್ಣು ಕತ್ತರಿಸಿ ಮಗಳಿಗೆ ದೆವ್ವದ ಅಂಗಿ ಹೊಲಿದುಕೊಟ್ಟಳು. ಅದನ್ನು ಕಂಡು ಸುಗಂಧಿಗೆ ದಾರಿ ಹೊಳೆಯಿತು. ವೇಷ ಹಾಕಿಸಿದ್ದು ತಾಯಿಯೇ, ಮನೆಮನೆಗೆ ಹೋಗುವುದೂ ಇದೆ. ಚಾಕೊಲೇಟಿನ ಬದಲು ನಾಣ್ಯ ಕೇಳಿದರಾಯಿತು. ನಾಲ್ಕು ವಾರ ತಡವಾದುದನ್ನು ದೇವಿ ಹೊಟ್ಟೆಗೆ ಹಾಕಿಕೊಳ್ಳುವಳು. ಎಷ್ಟೋ ದಿನಗಳ ನಂತರ ಅವಳಿಗೆ ಆ ಮಧ್ಯಾಹ್ನ ಊಟ ರುಚಿಸಿತು.

ಶಾಲೆಯಿಂದ ಬಂದ ಮಗುವಿಗೆ ಅವಲಕ್ಕಿ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಏಳು ಮನೆ, ಏಳು ನಾಣ್ಯ, ಅಮ್ಮನಿಗೆ ಹೇಳಬಾರದು. ಮಕ್ಕಳಿಗೆ ಮಾತಿನ ತೂಕ ತಿಳಿಯಬೇಕಲ್ಲ ಎಂದು ಇನ್ನೊಂದನ್ನೂ ಸೇರಿಸಿದಳು. ಏಳಾಗದಿದ್ದರೆ ದೇವಿಗೆ ಸಿಟ್ಟು ಬರುತ್ತದೆ, ಆಸ್ಪತ್ರೆಯ ಆ ಜ್ವರವನ್ನೇ ಮತ್ತೆ ಕಳಿಸುತ್ತಾಳೆ. ಚಿಕ್ಕಂದಿನಲ್ಲಿ ಸುಗಂಧಿಗೆ ಅವಳ ಅಜ್ಜಿ ಹೇಳಿದ್ದೂ ಹೀಗೆಯೇ, ಅದರಿಂದ ಅವಳಿಗೇನೂ ಆಗಿರಲಿಲ್ಲ. ಆದರೆ ಅವಳನ್ನು ಯಾರೂ ಮಂಚಕ್ಕೆ ಒತ್ತಿ ಹಿಡಿದು ಪಾದಕ್ಕೆ ಸೂಜಿ ಚುಚ್ಚಿರಲಿಲ್ಲ. ಚೈತಾಲಿ ಅವಲಕ್ಕಿಯ ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟದ್ದು ಸುಗಂಧಿಯ ಗಮನಕ್ಕೆ ಬಂತು, ಸಂಭ್ರಮಕ್ಕೆ ಹಸಿವು ಹೋಗಿದೆ ಎಂದುಕೊಂಡಳು.

ಸಂಜೆ ಕಾವ್ಯ ಬಂದು, ಪುಟ್ಟ ದೆವ್ವದ ಫೋಟೋ ತೆಗೆದು ಮಸ್ಕತ್ತಿಗೆ ಕಳಿಸಿ, ಕೈಗೊಂದು ಬಟ್ಟೆಚೀಲ ಕೊಟ್ಟು ಉಳಿದ ಮಕ್ಕಳ ಜೊತೆ ಬಿಟ್ಟಳು. ಮೆಟ್ಟಿಲ ತುಂಬ ಮಕ್ಕಳ ಗೌಜಿ. ಸುಗಂಧಿ ದೇವರ ದೀಪ ಹಚ್ಚಿ ಕಾಯುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಬೆಲ್ಲಾಯಿತು. ಮೇಲಿನ ಮಹಡಿಯ ಸೋಫಿಯಾ ಚೈತಾಲಿಯನ್ನು ಎತ್ತಿಕೊಂಡು ನಿಂತಿದ್ದಳು. ಎಂಟು ವರ್ಷದ ಮಗುವನ್ನು ಎತ್ತಿಕೊಂಡು ಬರಬೇಕಾದರೆ ಏನೋ ಆಗಿದೆ. ಸೋಫಿಯಾ ಹೇಳಿದ್ದಿಷ್ಟು: ಮಗು ಯಾರ ಮನೆಯಲ್ಲೂ ಚಾಕೊಲೇಟ್ ಮುಟ್ಟಲಿಲ್ಲವಂತೆ, ಎಲ್ಲ ಕಡೆ ನಾಣ್ಯವನ್ನೇ ಕೇಳಿತಂತೆ. ಈ ಕಾಲದಲ್ಲಿ ನಾಣ್ಯ ಯಾರಲ್ಲಿದೆ? ತರಕಾರಿಯವನಿಗೂ ಫೋನಿನಲ್ಲೇ ಕೊಡುವುದು. ಹೇಗೋ ಐದು ಮನೆಯವರು ಡ್ರಾಯರು ಜಾಲಾಡಿ ಕೊಟ್ಟರಂತೆ. ಸೋಫಿಯಾಳ ಮನೆಯಲ್ಲಿ ಇರಲಿಲ್ಲ. ಅವಳು ಪಾಪ, ದೊಡ್ಡ ಚಾಕೊಲೇಟನ್ನೇ ಕೊಡಹೋದರೆ ಮಗು ಹೊಸ್ತಿಲ ಮೇಲೆ ಕುಸಿದು ಅಳತೊಡಗಿತಂತೆ.

“ಇವಳು ಎಂತ ಹೇಳ್ತಾಳೆ ಗೊತ್ತುಂಟಾ ಕಾವ್ಯ” ಎಂದಳು ಸೋಫಿಯಾ. “ಏಳು ಕಾಯಿನ್ ಆಗದಿದ್ರೆ ತಾನು ಸತ್ತು ಹೋಗ್ತೇನಂತೆ.”

ಕಾವ್ಯ ಅತ್ತೆಯ ಕಡೆ ನೋಡಿದಳು. ಸೋಫಿಯಾ ಹೋದ ಮೇಲೆ ಕಾವ್ಯ ಮಗಳ ವೇಷ ತೆಗೆದು ತೊಡೆಯ ಮೇಲೆ ಕೂರಿಸಿಕೊಂಡಳು. ಮಗು ನಡುಗುತ್ತಿತ್ತು. ತನ್ನ ಹಣೆಯನ್ನು ತಾನೇ ಮುಟ್ಟಿ ಮುಟ್ಟಿ, ಬಿಸಿಯಿದೆ ಅಂದಿತು. ಥರ್ಮಾಮೀಟರ್ ಇಟ್ಟು ಜ್ವರ ಇಲ್ಲವೆಂದು ತೋರಿಸಿದರೆ, ಆಸ್ಪತ್ರೆಯ ಜ್ವರದ ಮೊದಲ ದಿನವೂ ಹೀಗೇ ಇಲ್ಲ ಅಂತ ತೋರಿಸಿತ್ತು ಎಂದಿತು. ಅದು ನಿಜವೇ ಆಗಿತ್ತು.

ಸುಗಂಧಿ ಮಗುವಿನ ಮುಂದೆ ಕುಳಿತಳು. ಅಷ್ಟು ಪ್ರೀತಿಯಿಂದ ಬೆಳೆಸಿದ ಮೊಮ್ಮಗಳು ಅವಳನ್ನು ಕಂಡು ಹಿಂದೆ ಸರಿದಳು. ಹರಕೆ ಹೊತ್ತದ್ದು ತಾನು, ದೇವಿಗೆ ಮಾತು ಕೊಟ್ಟದ್ದು ತಾನು, ಸಿಟ್ಟು ಬಂದರೆ ತನ್ನ ಮೇಲೆಯೇ ಹೊರತು ಮಗುವಿನ ಮೇಲಲ್ಲ ಎಂದು ಹೇಳಿದಳು. ಮಗು ಅಳು ನಿಲ್ಲಿಸಿ ಆಲೋಚಿಸಿತು.

“ಹಾಗಾದ್ರೆ ಅಜ್ಜಿ ಸಾಯ್ತಾರೆ” ಎಂದು ಮತ್ತೆ ಅಳಲು ಶುರುಮಾಡಿತು. ಈ ಸಲ ತಡೆಯಲಿಕ್ಕೇ ಆಗಲಿಲ್ಲ, ಉಸಿರು ಸಿಕ್ಕಿಕೊಳ್ಳುವಷ್ಟು ಅತ್ತಿತು.

ದೇವಿ ಹಾಗೆಲ್ಲ ಮಾಡುವವಳಲ್ಲ ಎಂದು ಹೇಳಬೇಕಿತ್ತು. ಆದರೆ ಅರವತ್ತು ವರ್ಷ ನಂಬಿದ್ದಕ್ಕೆ ವಿರುದ್ಧವಾಗಿ ಸುಗಂಧಿಯ ನಾಲಿಗೆ ಹೊರಳಲಿಲ್ಲ. ಹೇಳಿದರೂ ಆ ಕಣ್ಣುಗಳು ನಂಬುತ್ತಿರಲಿಲ್ಲ. ಭಯ ಹಾಕಲು ಅವಲಕ್ಕಿ ತಿನ್ನುವಷ್ಟು ಹೊತ್ತು ಸಾಕಾಗಿತ್ತು, ತೆಗೆಯುವ ದಾರಿ ಅವಳಿಗೆ ಗೊತ್ತಿರಲಿಲ್ಲ.

ಕಾವ್ಯ ಎದ್ದು ನಿಂತಳು. “ಎಷ್ಟು ಮನೆ ಬಾಕಿ?” ಎಂದು ಮಗಳನ್ನು ಕೇಳಿದಳು.

ಮಗು ಎರಡು ಬೆರಳು ತೋರಿಸಿತು.

“ಬೇಡ ಕಾವ್ಯ, ಬಿಡು ಮಾರಾಯ್ತಿ” ಎಂದಳು ಸುಗಂಧಿ. ಆಗಸ್ಟಿನಿಂದ ಇದೊಂದಕ್ಕೇ ಕಾದಿದ್ದವಳು ಈಗ ಬೇಡ ಎಂದದ್ದು ಅವಳಿಗೇ ವಿಚಿತ್ರವಾಗಿ ಕೇಳಿಸಿತು. ಕಾವ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳಿಗೆ ಬೆಡ್‌ಶೀಟ್ ಮತ್ತೆ ತೊಡಿಸಿದಳು, ಚಪ್ಪಲಿಯನ್ನು ಬಾಗಿಲ ಬಳಿಯೇ ಬಿಟ್ಟು, ಅವಳ ಕೈ ಹಿಡಿದು ಬರಿಗಾಲಲ್ಲಿ ಹೊರಟಳು.

ಕೆಳಗಿನ ಮನೆ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಉಮಾನಾಥರದು. ಅವರು ಬಾಗಿಲು ತೆರೆಯುತ್ತಲೇ ಕಾವ್ಯ ದುಪಟ್ಟಾದ ಸೆರಗು ಒಡ್ಡಿ, ತಲೆ ತಗ್ಗಿಸಿ, ಎಳೆದ ರಾಗದಲ್ಲಿ ಕೂಗಿದಳು.

“ಅಮ್ಮಾ ತಾಯೀ, ಕಾಯಿಲೆ ಮಗುವಿನ ವೇಷಕ್ಕೆ ಏನಾದರೂ ಹಾಕಿ. ನಿಮ್ಮ ಮಕ್ಕಳು ನೂರು ಕಾಲ ಬಾಳಲಿ.”

ಉಮಾನಾಥರು ಬಾಯಿತುಂಬ ನಕ್ಕರು. ಮೇಡಮ್ಮಿಗೆ ಇಷ್ಟು ಒಳ್ಳೆಯ ಅಭಿನಯ ಬರುತ್ತದೆಂದು ಗೊತ್ತೇ ಇರಲಿಲ್ಲ ಎಂದರು. ದೇವರ ತಟ್ಟೆಯಲ್ಲಿದ್ದ ನಾಣ್ಯ ತಂದು ಹಾಕಿದರು. ಎದುರು ಬಾಗಿಲಲ್ಲೂ ಅದೇ ರಾಗ, ಅದೇ ಬಗ್ಗಿದ ಕತ್ತು. ಅವರೂ ನಕ್ಕು ಕೊಟ್ಟರು.

ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದ ಸುಗಂಧಿಗೆ ನಗು ಬರಲಿಲ್ಲ. ಅವಳು ಜನ್ಮವಿಡೀ ವೇಷದವರ ಕೂಗು ಕೇಳಿದವಳು. ಹರಕೆಗೆ ಬೇಡುವವರು ತೊದಲುತ್ತಾರೆ, ಅರ್ಧಕ್ಕೆ ನಕ್ಕುಬಿಡುತ್ತಾರೆ, ಗುರುತಿನವರು ಕಂಡರೆ ಮುಖ ತಿರುಗಿಸುತ್ತಾರೆ. ತಾರಾನಾಥನೂ ಹಾಗೆಯೇ ಇದ್ದ. ಹೊಟ್ಟೆಗಾಗಿ ಬೇಡುವವರು ಮಾತ್ರ ತೊದಲುವುದಿಲ್ಲ. ಈ ದನಿ ಒಂದು ಕಡೆಯೂ ತೊದಲಿರಲಿಲ್ಲ.

ಏಳನೆಯ ನಾಣ್ಯ ಚೀಲಕ್ಕೆ ಬಿದ್ದದ್ದೇ ಚೈತಾಲಿಯ ಮುಖ ಬಿಚ್ಚಿಕೊಂಡಿತು. ಮೆಟ್ಟಿಲು ಹತ್ತುತ್ತ ಮಗು ಅಮ್ಮನ ಕೈ ಜಗ್ಗಿತು. “ಅಮ್ಮ, ನೀವು ಎಷ್ಟು ಚಂದ ಕೇಳ್ತೀರಿ. ಎಲ್ಲಿ ಕಲಿತದ್ದು?”

“ಕಾರ್ಕಳದಲ್ಲಿ” ಎಂದಳು ಕಾವ್ಯ. “ನನ್ನ ಅಪ್ಪ ಕಲಿಸಿದ್ದು.”

ಮಗು ಮನೆಯೊಳಗೆ ಓಡಿತು. ಕಾವ್ಯ ಮೆಟ್ಟಿಲ ಮೇಲೆಯೇ ಕೂತಳು. ಉಳಿದದ್ದನ್ನು ಅತ್ತೆಗೆ ಹೇಳಿದಳು, ಪಾಠ ಹೇಳುವ ಅದೇ ಸಮ ದನಿಯಲ್ಲಿ. ಅಪ್ಪನಿಗೆ ಯಾವ ಹರಕೆಯೂ ಇರಲಿಲ್ಲ. ಪ್ರತಿ ನವರಾತ್ರಿಗೆ ಮಗಳ ಮುಖಕ್ಕೆ ಮಸಿ ಬಳಿದು, ಹೆಗಲ ಮೇಲೆ ಕೂರಿಸಿಕೊಂಡು, ಇದು ಕಾಯಿಲೆಯ ಮಗು ಎಂದು ಬಸ್‌ಸ್ಟ್ಯಾಂಡಿನಿಂದ ಪೇಟೆಯ ತುದಿಯವರೆಗೆ ತಿರುಗಿಸುತ್ತಿದ್ದ. ಬಂದದ್ದು ಹೆಂಡದಂಗಡಿಗೆ. ಕ್ಲಾಸ್ ಟೀಚರ್ ಮನೆಯೆದುರೂ ಕೂಗಿಸಿದ್ದ.

“ಒಂದು ವರ್ಷ ನನಗೆ ನಿಜವಾಗಿ ಜ್ವರ ಇತ್ತು ಅತ್ತೆ. ಅಪ್ಪನಿಗೆ ಖುಷಿಯಾಯಿತು. ಆ ವರ್ಷ ಜನ ಜಾಸ್ತಿ ಹಾಕಿದರು.”

ಸುಗಂಧಿ ಅವಳ ಭುಜ ಮುಟ್ಟಲು ಕೈ ಎತ್ತಿದಳು. ಕಾವ್ಯ ಮೆಲ್ಲಗೆ, ಸಿಟ್ಟಿಲ್ಲದೆ, ಭುಜ ಆಚೆ ತೆಗೆದಳು. ತನಗೆ ಇದು ಗೊತ್ತಿರಲಿಲ್ಲ ಎಂದು ಸುಗಂಧಿ ತೊದಲಿದಳು. ಗೊತ್ತಾಗಬಾರದು ಅಂತಲೇ ಇತ್ತು ಎಂದಳು ಕಾವ್ಯ. ನಾಣ್ಯದ ಚೀಲವನ್ನು ಅತ್ತೆಯ ಕೈಗೆ ಕೊಟ್ಟು, ನಾಳೆಯೇ ಡಬ್ಬಿಗೆ ಹಾಕಿ ಬನ್ನಿ, ಮಗಳನ್ನು ಕರೆದುಕೊಂಡು ಹೋಗಬೇಡಿ, ಇನ್ನು ಮುಂದೆ ಅವಳ ಹೆಸರಲ್ಲಿ ಯಾವ ದೇವರಿಗೂ ಏನೂ ಹೇಳಿಕೊಳ್ಳಬೇಡಿ ಎಂದು ಹೇಳಿ ಒಳಗೆ ಹೋದಳು.

ಹರಕೆ ಸಂದಿತು. ಆದರೆ ಸುಗಂಧಿಗೆ ಹಗುರವಾಗಲಿಲ್ಲ. ನಾಚಿಕೆಯಿಂದ ಅವಳಿಗೆ ಆ ಇರುಳು ಅನ್ನ ಸೇರಲಿಲ್ಲ. ಮಗು ಮಾತ್ರ ನಿಶ್ಚಿಂತೆಯಿಂದ ಮಲಗಿತು.

ಮರುದಿನ ಬೆಳಿಗ್ಗೆ ಅವಳು ಬಸ್ಸು ಹಿಡಿದು ಕಾಪುವಿಗೆ ಹೋದಳು. ಗುಡಿಯಲ್ಲಿ ಜನ ಕಡಿಮೆ ಇದ್ದರು. ನಾಣ್ಯಗಳನ್ನು ಡಬ್ಬಿಗೆ ಹಾಕಿದಳು. ಪ್ರಾರ್ಥನೆ ಯಾರ ಹೆಸರಲ್ಲಿ ಎಂದು ಭಟ್ಟರು ವಾಡಿಕೆಯಂತೆ ಕೇಳಿದರು. ಮೊಮ್ಮಗಳ ಹೆಸರು ತುಟಿಯವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು.

“ಕಾವ್ಯ” ಎಂದಳು. “ನನ್ನ ಸೊಸೆ.”

ಏನಾಗಿತ್ತು ಎಂದು ಭಟ್ಟರು ಕೇಳಿದರು. ಚಿಕ್ಕವಳಿದ್ದಾಗ ಜ್ವರ ಬಂದಿತ್ತು, ಆಗ ಅವಳಿಗಾಗಿ ಯಾರೂ ಹರಕೆ ಹೇಳಿಕೊಂಡಿರಲಿಲ್ಲ ಎಂದಳು ಸುಗಂಧಿ. ಭಟ್ಟರು ಹೂವು ಎತ್ತಿಕೊಳ್ಳುತ್ತ, ಈಗ ಗುಣವಾಗಿದೆಯಲ್ಲ ಎಂದರು. ಅವಳು ದೇವಿಯ ಮುಖವನ್ನೇ ನೋಡುತ್ತ ನಿಂತಳು. ಗೊತ್ತಿಲ್ಲ ಎಂದಳು.