ಐಶ್ವರ್ಯಳ ಹೆಸರಿನ ಲೆಕ್ಕ

ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಸೇಬು ತಿನ್ನುವವರೇ ಜಾಸ್ತಿ. ‘ಎ ಎಂಬ ಗ್ರಾಹಕನು ಹತ್ತು ಸೇಬು ಮತ್ತು ಐದು ಕಿತ್ತಳೆ ಕೊಳ್ಳುತ್ತಾನೆ’ ಎಂದು ಶುರುವಾಗುವ ಲೆಕ್ಕ ಕಂಡರೆ ಭುವನೇಶ್ವರಿ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲ, ಸಿಂದಗಿಯ ಬಿ.ಎ. ಹುಡುಗರಿಗೆ ಈ ಎ ಯಾರು, ಬಿ ಯಾರು? ಜ್ವರ ಬಂದಾಗಷ್ಟೇ ಸೇಬಿನ ಮುಖ ನೋಡುವ ಮಕ್ಕಳಿಗೆ ಅದರ ಬೇಡಿಕೆಯ ರೇಖೆ ಎಳೆಯಿರಿ ಅಂದರೆ ಅವರಾದರೂ ಎಲ್ಲಿಂದ ಎಳೆದಾರು?

ಹಾಗಾಗಿ ಕಾಲೇಜಿಗೆ ಸೇರಿದ ವರ್ಷದಿಂದಲೇ ಅವಳು ತನ್ನ ಲೆಕ್ಕಗಳನ್ನು ತಾನೇ ಕಟ್ಟತೊಡಗಿದಳು. ಇಂಡಿ ತಾಲ್ಲೂಕಿನ ಲಿಂಬೆಹಣ್ಣಿನ ಬೆಲೆ ಏರಿದರೆ ಶರಬತ್ತಿನ ಗಾಡಿಯವನು ಎಷ್ಟು ಹಣ್ಣು ಕಡಿಮೆ ಕೊಳ್ಳುತ್ತಾನೆ? ಆಲಮಟ್ಟಿಯ ಹಿನ್ನೀರಲ್ಲಿ ಬಲೆ ಬೀಸುವವನಿಗೆ ವಾರದ ಸರಾಸರಿ ಎಷ್ಟು ಮೀನು? ಮುದ್ದೇಬಿಹಾಳದ ಬಸ್ಸು ತಡವಾಗುವ ನಿಮಿಷಗಳ ಮಾನಕ ವಿಚಲನೆ ಕಂಡುಹಿಡಿಯಿರಿ. ಈ ಕೊನೆಯ ಲೆಕ್ಕ ಬಿಡಿಸಿದ ಹುಡುಗರು, ‘ಮೇಡಂ, ಬಸ್ ಬರಲಿಲ್ಲಂದ್ರ ಏನ್ ಬರೀಬೇಕ್ರಿ?’ ಎಂದು ಕೇಳಿ ನಕ್ಕಿದ್ದರು. ಅವಳೂ ನಕ್ಕಿದ್ದಳು. ನಗುತ್ತ ಕಲಿತದ್ದು ಮರೆಯುವುದಿಲ್ಲ ಎಂಬುದು ಅವಳ ಸಿದ್ಧಾಂತ.

ಪ್ರತಿ ಶನಿವಾರ ಒಂದು ಅಭ್ಯಾಸದ ಹಾಳೆ. ಬಸ್‌ಸ್ಟ್ಯಾಂಡಿನ ಎದುರಿನ ಮುಬಿನನ ಝೆರಾಕ್ಸ್ ಅಂಗಡಿಗೆ ಹಾಳೆ ಹೋದರೆ ಸಂಜೆಯೊಳಗೆ ಅದು ಇಂಡಿ, ಬಾಗೇವಾಡಿಯ ಕಾಲೇಜುಗಳ ಹುಡುಗರ ಫೋನಿನಲ್ಲೂ ಇರುತ್ತಿತ್ತು. ಆ ಹಾಳೆಗೆ ಒಂದು ರೂಢಿಯೂ ಇತ್ತು. ಹಿಂದಿನ ವಾರದ ಲೆಕ್ಕಗಳನ್ನೆಲ್ಲ ತಪ್ಪಿಲ್ಲದೆ ಬಿಡಿಸಿದವರು ಮುಂದಿನ ವಾರದ ಲೆಕ್ಕದೊಳಗೆ ಹೆಸರು ಹಿಡಿದು ಬರುತ್ತಿದ್ದರು. ಸಾಹಿಲ ಮೀನು ಹಿಡಿದ, ಕೌಸರ ಬಳೆ ಅಂಗಡಿ ಇಟ್ಟಳು, ಶ್ರೀಶೈಲ ಬಸ್ಸಿಗಾಗಿ ಕಾದ. ಬಹುಮಾನ ಅಂದರೆ ಇಷ್ಟೇ. ಆದರೆ ಆ ಇಷ್ಟಕ್ಕಾಗಿ ಹುಡುಗರು ಜೀವ ಬಿಡುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಆಸೆಪಟ್ಟವಳು ಐಶ್ವರ್ಯ. ಆಲಮೇಲದ ಕಡೆಯ ಹಳ್ಳಿಯವಳು, ಕಬ್ಬಿನ ಹೊಲದ ರಾವಸಾಬನ ಮಗಳು, ಕೊನೆಯ ವರ್ಷದಲ್ಲಿದ್ದಳು. ಸೂತ್ರ ಗೊತ್ತು, ದಾರಿ ಗೊತ್ತು, ಕೊನೆಗೆ ಬಂದು ಕೂಡಿಸುವುದರಲ್ಲೋ ಕಳೆಯುವುದರಲ್ಲೋ ಎಡವಿಬಿಡುತ್ತಿದ್ದಳು. ‘ಮೇಡಂ, ನನ್ನ ಹೆಸರ ಯಾವಾಗ ಬರ್ತೈತ್ರಿ?’ ಎಂದು ಕೇಳುತ್ತಿದ್ದಳು. ‘ನಿನ್ನ ಅವಸರ ಹ್ವಾದಮ್ಯಾಲೆ ಬರ್ತೈತಿ’ ಎಂದು ಭುವನೇಶ್ವರಿ ಕಾಡಿಸುತ್ತಿದ್ದಳು.

ಆರನೇ ಸೆಮಿಸ್ಟರಿನಲ್ಲಿ ಒಂದು ವಾರ ಐಶ್ವರ್ಯ ಎಲ್ಲವನ್ನೂ ಸರಿಯಾಗಿ ಬಿಡಿಸಿ ತಂದಳು. ಭುವನೇಶ್ವರಿ ಎರಡೆರಡು ಸಲ ನೋಡಿದಳು, ಒಂದು ತಪ್ಪೂ ಇಲ್ಲ. ಬೆನ್ನು ತಟ್ಟಿದರೆ ಹುಡುಗಿ ಹಿಗ್ಗಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮೇಡಂ ಪಕ್ಕಕ್ಕೆ ಬಂದು ಕೂತಳು.

‘ಮೇಡಂ, ಯಾರ ಮುಂದೂ ಹೇಳಬ್ಯಾಡ್ರಿ’ ಅಂದಳು. ‘ಚಡಚಣದಿಂದ ನಂಟಸ್ತನ ಬಂದೈತಿ. ದ್ರಾಕ್ಷಿ ತ್ವಾಟದವರು. ಪರೀಕ್ಷಿ ಆದಮ್ಯಾಲೆ ಮದಿವಿ ಮಾಡೂಣು ಅಂತ ಅಪ್ಪ ಅಂತಾನ್ರಿ. ನನಗ ಎಂ.ಎ. ಮಾಡೂದೈತಿ. ನಮ್ಮ ಆಯಿ, ಅಪ್ಪನ ಅವ್ವ, ನನ್ನ ಕಡೆ ಅದಾಳ.’

‘ನೀ ಅಪ್ಪಗ ಹೇಳಿದ್ಯೇನು?’

‘ನಾ ಹೇಳಿದ್ರ ಕೆಡತೈತ್ರಿ. ಆಯಿ ಹೇಳ್ತೇನಿ ಅಂದಾಳ. ಸುಮ್ಕಿರು ಅಂದಾಳ.’

ಬಸ್ಸು ಬಂತು, ಹುಡುಗಿ ಹತ್ತಿ ಹೋದಳು.

ಭುವನೇಶ್ವರಿಗೆ ಆ ಮುದುಕಿಯ ‘ಸುಮ್ಕಿರು’ ಹಿಡಿಸಲಿಲ್ಲ. ಸುಮ್ಮನಿದ್ದವರ ಗತಿ ಏನಾಗುತ್ತದೆ ಎಂದು ಅವಳು ಕಾಣದವಳೇ? ಎಷ್ಟು ಜಾಣ ಹುಡುಗಿಯರು ಪರೀಕ್ಷೆ ಬರೆದು ಹೋದವರು, ಮುಂದಿನ ವರ್ಷ ಸಂತೆಯಲ್ಲಿ ಕೂಸು ಎತ್ತಿಕೊಂಡು ‘ಅರಾಮ ಅದೀರೇನ್ರಿ ಮೇಡಂ’ ಎಂದು ಕೇಳಿಲ್ಲ? ಶುಕ್ರವಾರ ಹಾಳೆ ಬರೆಯಲು ಕೂತಾಗ ಆ ವಾರದ ಪಾಠ ಅವಕಾಶ ವೆಚ್ಚವಾಗಿತ್ತು. ಎರಡರಲ್ಲಿ ಒಂದನ್ನು ಆರಿಸಿಕೊಂಡಾಗ ಕೈಬಿಟ್ಟದ್ದರ ಬೆಲೆಯೇ ಆರಿಸಿಕೊಂಡದ್ದರ ನಿಜವಾದ ವೆಚ್ಚ. ಹೆಸರಿನ ಪಾಳಿ ಐಶ್ವರ್ಯಳದು. ಪೆನ್ನು ತಾನಾಗಿಯೇ ಓಡಿತು.

‘ಐಶ್ವರ್ಯಳ ಮುಂದೆ ಎರಡು ದಾರಿಗಳಿವೆ. ಒಂದು, ಚಡಚಣದ ದ್ರಾಕ್ಷಿ ತೋಟದ ಮನೆಗೆ ಸೊಸೆಯಾಗಿ ಹೋಗುವುದು. ಇನ್ನೊಂದು, ವಿಜಯಪುರದಲ್ಲಿ ಎಂ.ಎ. ಓದಿ ಉಪನ್ಯಾಸಕಿಯಾಗುವುದು. ಮೊದಲನೆಯದನ್ನು ಆರಿಸಿಕೊಂಡರೆ ಅವಳ ಅವಕಾಶ ವೆಚ್ಚವೆಷ್ಟು?’ ಕೆಳಗೆ ಓದಿನ ಖರ್ಚು, ಮುಂದಿನ ಸಂಬಳ, ತೋಟದ ಆದಾಯದಲ್ಲಿ ಸೊಸೆಗೆ ಬರುವ ಪಾಲು ಎಂದು ಅಂಕಿ ಕೂಡಿಸಿದಳು. ಪಾಲಿನ ಮುಂದೆ ಸೊನ್ನೆ ಬರೆದಳು. ಬರೆದು ತಾನೇ ನಕ್ಕಳು.

‘ಯಾರ ಮುಂದೂ ಹೇಳಬ್ಯಾಡ್ರಿ’ ಅಂದದ್ದು ನೆನಪಾಗಲಿಲ್ಲವೇ? ಆಯಿತು. ಆಗಿಲ್ಲ ಎಂದರೆ ಸುಳ್ಳಾದೀತು. ಹೆಸರು ಬದಲಿಸಲೇ ಎಂದು ಒಂದು ಗಳಿಗೆ ಪೆನ್ನು ನಿಲ್ಲಿಸಿದಳು. ಆದರೆ ಮೂರು ವರ್ಷ ಕಾದ ಹುಡುಗಿಗೆ ಪಾಳಿ ತಪ್ಪಿಸುವುದೇ? ಅಪ್ಪನ ಹೆಸರಿಲ್ಲ, ಅವಳ ಊರಿನ ಹೆಸರಿಲ್ಲ, ಐಶ್ವರ್ಯ ಎಂಬವರು ಜಿಲ್ಲೆಯ ತುಂಬ ಇದ್ದಾರೆ. ಒಳಗಿನ ಮಾತು ಬೇರೆಯೇ ಇತ್ತು: ಲೆಕ್ಕ ಚೆಂದ ಬಂದಿತ್ತು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಜಾಣತನಕ್ಕೆ ಸೊಕ್ಕು ಬಂದರೆ ಅದರ ಮುಂದೆ ದೇವರೂ ನಿಲ್ಲಲಾರ.

ಶನಿವಾರ ಹಾಳೆ ಹಂಚಿದಾಗ ಕ್ಲಾಸಿಗೆ ಕ್ಲಾಸೇ ನಕ್ಕಿತು. ‘ಏ, ಬೀಗರ ಮನಿ ಊಟ ಯಾವಾಗ?’ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಐಶ್ವರ್ಯ ತಲೆ ಎತ್ತಲಿಲ್ಲ. ನಾಚಿಕೊಂಡಿದ್ದಾಳೆ ಎಂದುಕೊಂಡ ಭುವನೇಶ್ವರಿ ಬೋರ್ಡಿನ ಕಡೆ ತಿರುಗಿದಳು.

ಸೋಮವಾರ ಐಶ್ವರ್ಯ ಬರಲಿಲ್ಲ, ಮಂಗಳವಾರವೂ ಇಲ್ಲ. ಅದೇ ಬಸ್ಸಿನಲ್ಲಿ ಬರುವ ಕೌಸರಳನ್ನು ವರಾಂಡದಲ್ಲಿ ನಿಲ್ಲಿಸಿ ಕೇಳಿದಳು.

ಕೌಸರ ನೆಲ ನೋಡುತ್ತ ಹೇಳಿದಳು, ‘ಆಕಿ ಬರೂದಿಲ್ರಿ ಮೇಡಂ. ಮದಿವಿ ತಾರೀಖು ಹಿಡದಾರ. ಚಡಚಣದ ಹುಡುಗನ ಕಾಕಾನ ಮಗ ಕಾಂತು ಅಂತ ಇಂಡಿ ಕಾಲೇಜಿನ್ಯಾಗ ಓದತಾನ್ರಿ. ಹಾಳಿ ಅವನ ಫೋನಿಗೆ ಹೋಗೈತಿ. ಅವರ ಮನಿಯವರು ಐಶ್ವರ್ಯಾನ ಅಪ್ಪಗ ಫೋನ್ ಹಚ್ಚಿ, ಬೀಗರ, ನಮ್ಮ ತ್ವಾಟದ ಲೆಕ್ಕ ನಿಮ್ಮ ಮಗಳಿಗೆ ಹೊಂದೀತೇನ್ರಿ ಅಂತ ನಕ್ಕಾರ್ರಿ.’

ಭುವನೇಶ್ವರಿ ಆ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡಳು.

ಮರುದಿನವೇ ರಜೆ ಹಾಕಿ ಆಲಮೇಲದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ತಪ್ಪು ನನ್ನದು, ಹುಡುಗಿಯದಲ್ಲ ಎನ್ನಬೇಕು. ಪರೀಕ್ಷೆ ಮುಗಿಯುವ ತನಕವಾದರೂ ಮದುವೆ ಮುಂದೂಡಿರಿ ಎನ್ನಬೇಕು. ಬೇಕಾದರೆ ಚಡಚಣದವರಿಗೂ ತಾನೇ ಹೋಗಿ ಹೇಳುತ್ತೇನೆ ಎನ್ನಬೇಕು. ಕ್ಲಾಸಿನಲ್ಲಿ ಗಂಟೆಗಟ್ಟಲೆ ಮಾತಾಡುವ ಬಾಯಿ, ಇಲ್ಲಿ ಒಂದು ಮನೆಯವರನ್ನು ಒಪ್ಪಿಸಲಾರದೇ ಎಂದು ಧೈರ್ಯ ತಂದುಕೊಂಡಳು.

ರಾವಸಾಬ ಕಟ್ಟೆಯ ಮೇಲೇ ಇದ್ದ. ಅವನು ಬೈದಿದ್ದರೆ ಎಷ್ಟೋ ವಾಸಿ ಇತ್ತು. ಎದ್ದು ನಿಂತು, ‘ಬರ್ರಿ ಮೇಡಮ್ಮಾರ, ಒಳಗ ಬರ್ರಿ’ ಎಂದು ಕಂಬಳಿ ಹಾಸಿದ. ನೀರು ತರಿಸಿದ, ಚಹಾ ಮಾಡಿಸಿದ. ಅವಳು ಜೋಡಿಸಿಕೊಂಡು ಬಂದಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದ.

ಆಮೇಲೆ ಹೇಳಿದ, ‘ನೀವು ಕಲಿಸಾವ್ರು, ನಿಮಗ ನಾ ಏನ್ ಅನ್ನೂದಿಲ್ರಿ. ಆದ್ರ ನನ್ನ ಮಗಳು ಬೀಗರ ಮನಿ ತಕ್ಕಡ್ಯಾಗ ಇಟ್ಟು ತೂಗತಾಳ ಅಂತ ಮಂದಿ ಅಂದ್ರ ನಾ ಹೆಂಗ ತಡಕೊಳ್ಳಿ? ಹಂಗಲ್ಲ ಅಂತ ತೋರಸಬೇಕಿತ್ತು. ಮುಂದಿನ ತಿಂಗಳ ಮುಹೂರ್ತ ನಾನಽ ಹಿಡದೆ. ಮಾತು ಕೊಟ್ಟಾಗೈತಿ.’

‘ಪರೀಕ್ಷೀನೂ ಮುಂದಿನ ತಿಂಗಳಽ ಐತ್ರಲ್ಲ.’

‘ಅವರು ಬರಸಿದ್ರ ಬರೀತಾಳ್ರಿ.’

ಅಷ್ಟು ಹೇಳಿ ರಾವಸಾಬ ಹೊಲದ ಕಡೆ ನಡೆದ. ಭುವನೇಶ್ವರಿ ಕಂಬಳಿಯ ಮೇಲೇ ಉಳಿದಳು.

ಬಾಗಿಲ ಮರೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದ ಆಯಿ ಕಸ್ತೂರೆವ್ವ ಆಗ ಬಾಯಿ ಬಿಟ್ಟಳು. ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

‘ಯವ್ವಾ, ನೀ ಕಲತಾಕಿ. ನಿನಗ ನಾ ಏನ್ ಹೇಳ್ಲಿ? ಮೂರ ತಿಂಗಳಾತು, ಊಟಕ್ಕ ಕುಂತಾಗೊಂದು, ಮಲಗಾಗೊಂದು, ಮಗನ ಕಿವಿಮ್ಯಾಲೆ ಮಾತು ಹಾಕಾಕತ್ತಿದ್ದೆ. ಒಮ್ಮಿನೂ ಜಗಳ ತಗೀಲಿಲ್ಲ. ಅವಾ ಹಟಮಾರಿ, ಎದುರ ನಿಂತ್ರ ಎತ್ತಿನಂಗ ಕೊಂಬ ಇಳಸ್ತಾನ. ಮೆಲ್ಲಕ ಹೋದ್ರ ಬರ್ತಾನ. ಬಂದನೂ ಬಂದಿದ್ದ. ಆ ಶುಕ್ರವಾರ ರಾತ್ರಿ, ಆತು ಬಿಡಬೆ, ಎರಡ ವರ್ಷ ತಡೀರಿ ಅಂತ ಚಡಚಣದವರಿಗೆ ಐತವಾರ ಹೋಗಿ ಹೇಳಿ ಬರ್ತೇನಿ ಅಂದಿದ್ದ.’

‘ಶುಕ್ರವಾರ?’ ಎಂದಳು ಭುವನೇಶ್ವರಿ.

‘ಹೂಂ. ಶನಿವಾರ ನಿನ್ನ ಹಾಳಿ ಬಂತು.’

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ‘ಬೆಣ್ಣಿ ಬರೂ ಹೊತ್ತಿಗೆ ಗಡಗಿ ಒಡದಂಗಾತು’ ಅಂದಳು, ಅಷ್ಟೇ.

ಭುವನೇಶ್ವರಿಗೆ ಅಳು ಬಂತು. ಆ ಶುಕ್ರವಾರ ರಾತ್ರಿಯ ಹೊತ್ತಿಗೆ ತಾನು ಏನು ಮಾಡುತ್ತಿದ್ದೆ? ಪಾಲಿನ ಮುಂದೆ ಸೊನ್ನೆ ಬರೆದು ನಗುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಈ ಒಲೆ ಈಗ ಎಷ್ಟು ಉರಿದರೇನು ಬಂತು?

ಐಶ್ವರ್ಯ ಬಸ್ಸಿನ ತನಕ ಕಳಿಸಲು ಬಂದಳು. ಇಬ್ಬರೂ ಕಬ್ಬಿನ ಹೊಲದ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದರು. ಬಸ್ಸು ನಿಲ್ಲುವ ಫಾಟಾದ ಬೇವಿನ ಗಿಡದ ಕೆಳಗೆ ನಿಂತಾಗ ಭುವನೇಶ್ವರಿ, ‘ತಪ್ಪಾತವ್ವ, ದೊಡ್ಡ ತಪ್ಪು ಮಾಡಿದೆ’ ಅಂದಳು. ತನ್ನ ವಿದ್ಯಾರ್ಥಿಗೆ ಅವಳು ಇಂಥ ಮಾತು ಹಿಂದೆಂದೂ ಆಡಿದವಳಲ್ಲ.

ಐಶ್ವರ್ಯ, ‘ಆ ಲೆಕ್ಕಾ ನಾ ಬಿಡಿಸಿ ನೋಡಿದೆ ಮೇಡಂ’ ಅಂದಳು. ‘ಕೂಡಿಸೂದು ಕಳಿಯೂದು ಎಲ್ಲಾ ಸರಿ ಬಂತ್ರಿ. ಪ್ರಶ್ನಿನಽ ತಪ್ಪೈತಿ.’

‘ಏನ್ ತಪ್ಪು?’

‘ಎರಡ ದಾರಿ ಅದಾವು ಅಂತ ಬರದೀರಿ. ಮೂರು ಇದ್ದೂರಿ. ಸುಮ್ನ ಕಾಯೂದು ಒಂದಿತ್ತು. ನಾವು ಅದರಾಗಽ ಇದ್ದಿವಿ.’

ದೂರದಲ್ಲಿ ಬಸ್ಸಿನ ಸದ್ದಾಯಿತು. ಭುವನೇಶ್ವರಿ, ಪರೀಕ್ಷೆಗೆ ಬಾ, ಹೇಗಾದರೂ ಬಾ, ನಾನು ಬೀಗರ ಕಾಲು ಹಿಡಿಯುತ್ತೇನೆ ಅಂದಳು. ಹುಡುಗಿ ‘ನೋಡೂಣ್ರಿ’ ಎಂದು ತಲೆಯಾಡಿಸಿದಳು. ಬಸ್ಸು ನಿಂತು, ಭುವನೇಶ್ವರಿ ಒಂದು ಕಾಲು ಮೇಲಿಟ್ಟಾಗ ಹಿಂದಿನಿಂದ ಐಶ್ವರ್ಯ ಕರೆದಳು.

‘ಮೇಡಂ, ನನ್ನ ಹೆಸರ ಇನ್ನೊಮ್ಮೆ ಯಾವ ಲೆಕ್ಕದಾಗೂ ಹಾಕಬ್ಯಾಡ್ರಿ.’

ಪರೀಕ್ಷೆಯ ದಿನಗಳಲ್ಲಿ ಐಶ್ವರ್ಯಳ ಜಾಗ ಖಾಲಿ ಇತ್ತು. ಭುವನೇಶ್ವರಿಗೆ ಮೇಲ್ವಿಚಾರಣೆಯ ಪಾಳಿ ಬಿದ್ದದ್ದು ಅದೇ ಕೋಣೆಗೆ. ಆ ಬೆಂಚಿನ ಮುಂದೆ ಹಾದಾಗಲೆಲ್ಲ ಅವಳ ಹೆಜ್ಜೆ ತಡೆಯುತ್ತಿತ್ತು.

ಕಾಲೇಜು ಮತ್ತೆ ತೆರೆಯಿತು. ಕೆಳಗಿನ ತರಗತಿಯ ಹುಡುಗರು ಕೊನೆಯ ವರ್ಷಕ್ಕೆ ಬಂದರು. ಹಾಳೆ ಬೇಕೆಂದು ಅವರು ಬೆನ್ನು ಹತ್ತಿದ್ದಕ್ಕೆ ಭುವನೇಶ್ವರಿ ಒಂದು ಹಾಳೆ ಬರೆದಳು, ಯಾರ ಹೆಸರೂ ಇಲ್ಲದೆ, ಪಠ್ಯಪುಸ್ತಕದ ಹಳೆಯ ಗ್ರಾಹಕರನ್ನು ಇಟ್ಟುಕೊಂಡೇ. ಎಲ್ಲವನ್ನೂ ಸರಿಯಾಗಿ ಬಿಡಿಸಿದವಳು ಮೆಹರಾಜ ಎಂಬ ಸಣ್ಣ ದನಿಯ ಹುಡುಗಿ. ‘ಭೇಷ್’ ಎಂದು ಬೆನ್ನು ತಟ್ಟಿ ಭುವನೇಶ್ವರಿ ಮುಂದಿನ ಬೆಂಚಿಗೆ ಹೊರಟಳು.

ಮೆಹರಾಜ ಹಿಂದೆಯೇ ಎದ್ದು ನಿಂತಳು. ‘ಮೇಡಂ, ಮುಂದಿನ ವಾರ ನನ್ನ ಹೆಸರ ಹಾಕಬ್ಯಾಡ್ರಿ. ನಮ್ಮ ಮನ್ಯಾಗ ಬ್ಯಾಡ ಅಂದಾರ.’

ಯಾರೂ ನಗಲಿಲ್ಲ. ‘ಇಲ್ಲವ್ವ, ಹಾಕೂದಿಲ್ಲ, ಕುಂದ್ರು’ ಎಂದು ಭುವನೇಶ್ವರಿ ಬೋರ್ಡಿಗೆ ತಿರುಗಿ, ಎ ಎಂಬ ಗ್ರಾಹಕನು ಹತ್ತು ಸೇಬು ಕೊಂಡನು ಎಂದು ಬರೆಯತೊಡಗಿದಳು.