ಆರೂವರೆ ನಿಮಿಷದ ಡ್ರಮ್ಮು

ಹೆದರಿಕೆಯಾದರೆ ಕೆಲವರಿಗೆ ಬೆವರು ಬರುತ್ತದೆ, ಕೆಲವರಿಗೆ ಹೊಟ್ಟೆ ಕೆಡುತ್ತದೆ. ಪಂಪಕ್ಕನಿಗೆ ನಗು ಬರುತ್ತಿತ್ತು. ಸಣ್ಣಪುಟ್ಟ ನಗುವಲ್ಲ, ಭುಜ ಕುಣಿದು, ಕಣ್ಣಲ್ಲಿ ನೀರು ಸುರಿದು, ಕಡೆಗೆ ಗೋಡೆ ಹಿಡಿದುಕೊಂಡು ನಿಲ್ಲಬೇಕಾಗುವ ನಗು.

ಬೋರ್‌ವೆಲ್ ಪಂಪು ಇಳಿಸುವವರ ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಎರಡನೇ ಸಲ ಅವಳು ಫೇಲಾದದ್ದು ಈ ನಗುವಿನಿಂದಲೇ. "ಪಂಪು ಕಳಚಿ ಬಾವಿಯೊಳಗೆ ಬಿದ್ದರೆ ಮೊದಲು ಏನು ಮಾಡ್ತೀರಿ?" ಎಂದು ಕೇಳಿದ್ದರು. ಅಂಥ ಹೊತ್ತಿನಲ್ಲಿ ಅವಳ ಗಂಡ ಮೊದಲು ಮಾಡುತ್ತಿದ್ದ ಕೆಲಸ, ಅವಳ ತವರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುವುದು. ಅದು ನೆನಪಾಗಿ ನಗಲು ಶುರುಮಾಡಿದವಳು ಮುಂದಿನ ಮೂರು ಪ್ರಶ್ನೆ ಮುಗಿದರೂ ನಿಲ್ಲಿಸಲಿಲ್ಲ. ಮೊದಲನೇ ಸಲದ್ದು ಇನ್ನೊಂದು ಕಥೆ. "ಎರಡು ಸಾಲಿನಲ್ಲಿ ಉತ್ತರಿಸಿ" ಎಂದಿದ್ದಕ್ಕೆ ನಾಲ್ಕು ಪುಟ ಬರೆದು, ಗಂಟೆ ಹೊಡೆದಾಗ ಎರಡನೇ ಪ್ರಶ್ನೆಯ ಮುಖವನ್ನೇ ನೋಡಿರಲಿಲ್ಲ.

ಈಗ ಮೂರನೇ ಸಲ. ಮೂರು ಸಲ ಫೇಲಾದವರು ಎರಡು ವರ್ಷ ಆ ಕಡೆ ತಲೆ ಹಾಕುವಂತಿಲ್ಲ. ಸರ್ಟಿಫಿಕೇಟ್ ಇದ್ದವರು ಸಹಿ ಮಾಡದೆ ಯಾವ ಪಂಪಿಗೂ ಕರೆಂಟು ಕೊಡುವುದಿಲ್ಲವೆಂದು ಹೊಸ ನಿಯಮ ಬಂದಿತ್ತು. ಇಪ್ಪತ್ತೆರಡು ವರ್ಷ ಗಂಡ ಹೆಂಡತಿ ಸೇರಿ ಪಂಪು ಇಳಿಸಿ, ಎತ್ತಿ, ರಿಪೇರಿ ಮಾಡಿ ಬೆಳೆಸಿದ ಅಂಗಡಿ. ಇಬ್ಬರಲ್ಲಿ ಒಬ್ಬರಾದರೂ ಪಾಸಾಗದಿದ್ದರೆ ಬಾಗಿಲು ಎಳೆಯಬೇಕಿತ್ತು. ಗಂಡ ಮೊದಲೇ ಕೈ ಮುಗಿದುಬಿಟ್ಟಿದ್ದ: "ನನ್ನ ಕೈಗೆ ಪೆನ್ನು ಕೊಡೋದೂ ಒಂದೇ, ಹಾವು ಕೊಡೋದೂ ಒಂದೇ. ನೀನೇ ಹೋಗು."

ಈ ಸಲ ಜೊತೆಗೆ ನಾದಿನಿ ಬಂದಿದ್ದಳು, ಚಿವುಟುವುದಕ್ಕೆ.

"ಅತ್ತಿಗೆ, ನಕ್ಕರೆ ತೊಡೆ ಚಿವುಟ್ತೀನಿ. ಮಾತು ಬೆಳೆಸಿದ್ರೆ ತೋಳು."

"ಎರಡೂ ಒಟ್ಟಿಗೆ ಬಂದ್ರೆ?"

"ಎರಡು ಕೈ ಇದೆ ನಂಗೆ."

ಚಿವುಟಿಸಿಕೊಳ್ಳುವ ಭಯಕ್ಕೋ ಏನೋ, ಬೆಳಗಿನ ಲಿಖಿತ ಪರೀಕ್ಷೆಯೂ ಬಾಯಿ ಪರೀಕ್ಷೆಯೂ ಸಲೀಸಾಗಿ ದಾಟಿದವು. ಉಳಿದದ್ದು ಅಂಗಳದ ಕೆಲಸ ಒಂದೇ. ತಗಡಿನ ಚಪ್ಪರದ ಕೆಳಗೆ ತರಬೇತಿ ಕೇಂದ್ರದ ಸ್ವಂತ ಬೋರ್‌ವೆಲ್, ಅದರ ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನ್ ಪುಲ್ಲಿ, ಪಕ್ಕದಲ್ಲಿ ಸ್ಟಾರ್ಟರ್ ಪೆಟ್ಟಿಗೆ, ಇನ್ನೂರು ಲೀಟರಿನ ನೀಲಿ ಡ್ರಮ್ಮು. ಗೋಡೆಯ ಬೋರ್ಡಿನಲ್ಲಿ ಯಾವ ಬಣ್ಣದ ವೈರು ಎಲ್ಲಿಗೆ ಎಂಬ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ: "ಡ್ರಮ್ಮು ತುಂಬಲು ಆರೂವರೆ ನಿಮಿಷ. ಅರ್ಧ ನಿಮಿಷ ಹೆಚ್ಚು ಕಡಿಮೆ." ಬೆಂಚಿನ ಮೇಲೆ ಕೂತ ಉಳಿದ ಆರು ಜನ ಪರೀಕ್ಷೆಯವರು ಕಣ್ಣು ಮುಚ್ಚಿ "ಆರೂವರೆ, ಆರೂವರೆ" ಎಂದು ಉರು ಹೊಡೆಯುತ್ತಿದ್ದರು. ಪರೀಕ್ಷಕರು ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡು, ಜೇಬಿನಲ್ಲಿ ಮೊಟ್ಟೆ ಇಟ್ಟುಕೊಂಡವರ ಹಾಗೆ ಹುಷಾರಾಗಿ ಓಡಾಡುತ್ತಿದ್ದರು.

ಪಂಪಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಕೆಲಸಕ್ಕೆ ಕೈ ಹಚ್ಚಿದ ಕೂಡಲೇ ನಗು ಎಲ್ಲಿಗೋ ಓಡಿಹೋಯಿತು. ಕೇಬಲ್ಲಿನ ಮೂರೂ ವೈರುಗಳನ್ನು ಮೋಟಾರಿಗೆ ಸೇರಿಸಿ, ಒಂದೊಂದು ಗಂಟಿಗೂ ನೀರು ಹೊಗದಂತೆ ಟೇಪು ಸುತ್ತಿದಳು. ಪಂಪಿನ ಕಿವಿಗೆ ಹಗ್ಗ ಕಟ್ಟಿ ಎರಡು ಸಲ ಜಗ್ಗಿ ನೋಡಿದಳು. ಪೈಪು ಸೇರಿಸಿ, ಚೈನು ಬಿಡುತ್ತಾ, ಮಲಗಿಸುವ ಮಗುವಿನ ಹಾಗೆ ಪಂಪನ್ನು ಬಾವಿಗಿಳಿಸಿದಳು. ಗೋಡೆಯ ಚಿತ್ರ ನೋಡಿ, ಕೆಂಪು, ಹಳದಿ, ನೀಲಿ ವೈರುಗಳನ್ನು ಹೇಳಿದಲ್ಲಿಗೇ ಕೂಡಿಸಿ ಹಸಿರು ಗುಂಡಿ ಒತ್ತಿದಳು.

ನೀರು ಬಂತು.

"ಆರು ನಿಮಿಷ ಇಪ್ಪತ್ತೆಂಟು ಸೆಕೆಂಡ್!" ಎಂದರು ಪರೀಕ್ಷಕರು. ಬೆಂಚು ಚಪ್ಪಾಳೆ ತಟ್ಟಿತು. ನಾದಿನಿ ಖುಷಿಗೆ ತನ್ನ ತೋಳನ್ನೇ ಚಿವುಟಿಕೊಂಡಳು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

ಪಂಪಕ್ಕ ಮಾತ್ರ ಪೈಪಿನ ಮೇಲೆ ಅಂಗೈ ಇಟ್ಟುಕೊಂಡು ನಿಂತೇ ಇದ್ದಳು. ಬೇಡದ ನೆಂಟರಿಗೆ ಬಾಗಿಲು ತೆರೆದ ಹಾಗೆ ನೀರು ಅಷ್ಟಷ್ಟೇ ಬರುತ್ತಿತ್ತು.

"ಸಾರ್, ಇದು ಉಲ್ಟಾ ತಿರುಗ್ತಾ ಇದೆ."

"ಏನು?"

"ಮೋಟಾರು ಸಾರ್. ಮೂರು ಫೇಸಿನ ಮೋಟಾರು ಉಲ್ಟಾ ತಿರುಗಿದ್ರೂ ನೀರು ಬರುತ್ತೆ, ಮನಸ್ಸಿಲ್ಲದ ಮನಸ್ಸಿಂದ ಬರುತ್ತೆ. ಗೋಡೆ ಮೇಲಿನ ಚಿತ್ರದಲ್ಲೇ ತಪ್ಪಿದೆ, ಎರಡು ವೈರು ಅದಲು ಬದಲು ಮಾಡಿದ್ರೆ ಸರಿಹೋಗುತ್ತೆ."

"ನೋಡಿಯಮ್ಮ, ಹನ್ನೊಂದು ವರ್ಷದಿಂದ ಇದು ಇಷ್ಟೇ ನೀರು ಕೊಡ್ತಾ ಇದೆ."

"ಹಾಗಾದ್ರೆ ಹನ್ನೊಂದು ವರ್ಷದಿಂದ ಉಲ್ಟಾ ತಿರುಗ್ತಾ ಇದೆ ಸಾರ್."

ಬೆಂಚಿನ ಮೇಲೆ ಉರು ಹೊಡೆಯುವುದು ನಿಂತಿತು. ಪರೀಕ್ಷಕರು ಪೆನ್ನನ್ನು ಗಾಳಿಯಲ್ಲೇ ಹಿಡಿದು, ಮೆಲ್ಲನೆ, ಒಳ್ಳೆಯ ಮಾತಿನಲ್ಲೇ ಹೇಳಿದರು: "ಹೀಗೇ ಬಿಟ್ರೆ ಪಾಸು. ಈಗಲೇ ಬರೀತೀನಿ. ವೈರು ಮುಟ್ಟಿದ್ರೆ ಹೊಸ ಟೈಮೇ ಲೆಕ್ಕ. ಬೋರ್ಡಿನಲ್ಲಿರೋ ಟೈಮ್ ಬರಲಿಲ್ಲ ಅಂದ್ರೆ ಫೇಲು. ನಿಮ್ಮಿಷ್ಟ."

"ಸುಮ್ಮನಿರಲಾರದೆ ಇರುವೆ ಬಿಟ್ಕೊಂಡ್ರಂತೆ!" ನಾದಿನಿ ಹಲ್ಲು ಕಚ್ಚಿದಳು. "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ಬಾವಿಗೆ ನಮಸ್ಕಾರ ಹಾಕಿ ಈಚೆ ಬನ್ನಿ."

ಪಂಪಕ್ಕನ ಭುಜ ಕುಣಿಯತೊಡಗಿತು. ಅಂಗಡಿ, ಗಂಡ, ಎರಡು ವರ್ಷ, ಎಲ್ಲ ಕಣ್ಣ ಮುಂದೆ ಬಂದು ಹೆದರಿಕೆ ಏರಿದಷ್ಟೂ ನಗು ಏರಿತು. ಆದರೆ ಉಲ್ಟಾ ತಿರುಗುವ ಪಂಪನ್ನು ಹಾಗೇ ಬಿಟ್ಟು ಬಂದ ಮನೆ ಈ ಇಪ್ಪತ್ತೆರಡು ವರ್ಷದಲ್ಲಿ ಒಂದೂ ಇರಲಿಲ್ಲ. ಪಾಸಾಗುವುದಕ್ಕಾಗಿ ಇದೊಂದನ್ನು ಬಿಟ್ಟರೆ, ನಾಳೆ ಆ ಸರ್ಟಿಫಿಕೇಟನ್ನು ಅಂಗಡಿಯ ಯಾವ ಗೋಡೆಗೆ ಹೊಡೆಯುವುದು? ಅವಳು ನಗುತ್ತಲೇ ಮೇನ್ ಸ್ವಿಚ್ ಆರಿಸಿದಳು, ನಗುತ್ತಲೇ ಕೆಂಪು, ನೀಲಿ ವೈರುಗಳ ಜಾಗ ಬದಲಿಸಿದಳು, ಡ್ರಮ್ಮು ಖಾಲಿ ಮಾಡಿಸಿ, ಕಣ್ಣೊರೆಸಿಕೊಂಡು ಗುಂಡಿ ಒತ್ತಿದಳು.

ಡ್ರಮ್ಮು ನಿಂತಲ್ಲಿಂದ ಒಂದು ಗೇಣು ಜರುಗಿತು. ಡ್ರಮ್ಮಿಗೆ ಬಿಟ್ಟಿದ್ದ ರಬ್ಬರ್ ಪೈಪು ಹೆಡೆಯೆತ್ತಿ ಹೊರಗೆ ಹಾರಿ, ಮೊದಲು ಪರೀಕ್ಷಕರನ್ನು, ಆಮೇಲೆ ಬೆಂಚನ್ನು ಎಡದಿಂದ ಬಲಕ್ಕೆ ಒಬ್ಬರನ್ನೂ ಬಿಡದೆ ತೋಯಿಸಿತು. "ಹಿಡೀರಿ, ಹಿಡೀರಿ!" ಎಂದು ಎಲ್ಲರೂ ಕೂಗಿದರು, ಯಾರೂ ಹಿಡಿಯಲಿಲ್ಲ. ಕಡೆಗೆ ನಾದಿನಿಯೇ ಪೈಪಿನ ಮೇಲೆ ಬಿದ್ದು, ತಬ್ಬಿಕೊಂಡು, ಅದರ ಬಾಯನ್ನು ಡ್ರಮ್ಮಿಗೆ ತುರುಕಿ, ಅದರ ಮೇಲೆ ಭಾರ ಬಿಟ್ಟು ನಿಂತಳು. ಅಷ್ಟು ನೀರು ಚೆಲ್ಲಿದರೂ ಡ್ರಮ್ಮು ತುಂಬಿ ಹರಿದಾಗ ವಾಚಿನಲ್ಲಿ ಮೂರು ನಿಮಿಷ ಹತ್ತು ಸೆಕೆಂಡ್.

ಮೀಸೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಪರೀಕ್ಷಕರು ವಾಚು ನೋಡಿದರು, ಬೋರ್ಡು ನೋಡಿದರು. "ಬೋರ್ಡಿನ ಪ್ರಕಾರ ಇದು..." ಎಂದು ನಿಲ್ಲಿಸಿದರು.

"ಸಾರ್," ಬೆಂಚಿನ ತುದಿಯಿಂದ ಒಬ್ಬ ಕೇಳಿದ, "ನೀವೂ ಇದೇ ಪಂಪಲ್ಲಿ ಪಾಸಾದವರಲ್ವಾ?"

ಪರೀಕ್ಷಕರು ಮೀಸೆ ಒರೆಸಿಕೊಂಡರು. "ಆರು ನಿಮಿಷ ಮೂವತ್ತೈದು ಸೆಕೆಂಡ್," ಎಂದರು. "ಮನೇಲಿ ಫ್ರೇಮು ಹಾಕಿಸಿದ್ದೀನಿ." ಹೇಳಿದ್ದೇ ತಡ, ಅವರ ಮೂಗಿನಿಂದ ಕುಕ್ಕರಿನ ಸೀಟಿಯಂಥ ಸದ್ದೊಂದು ಹೊರಟಿತು. ಅದು ನಗು ಎಂದು ಗೊತ್ತಾಗಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು.

"ವಾಪಸ್ ಉಲ್ಟಾನೇ ಮಾಡಿಸಿಬಿಡಿ ಸಾರ್, ನಾವು ಆರೂವರೆಗೇ ಓದ್ಕೊಂಡು ಬಂದಿದೀವಿ!" ಎಂದು ಇನ್ನೊಬ್ಬ ಗೋಗರೆದ.

"ಸುಮ್ನಿರಯ್ಯ. ಸರಿ ಮಾಡಿದ ಪಂಪನ್ನ ಕೆಡಿಸು ಅಂತ ಯಾವ ನಿಯಮದಲ್ಲೂ ಇಲ್ಲ. ಆದ್ರೆ," ಅವರು ಪೆಟ್ಟಿಗೆಯ ಪಕ್ಕದ ಪುಸ್ತಕ ತೆಗೆದರು, "ವೈರು ಮುಟ್ಟಿದವರು ಇದ್ರಲ್ಲಿ ಸಹಿ ಹಾಕ್ಬೇಕು. ಸರ್ಟಿಫಿಕೇಟ್ ಇದ್ದವರೇ ಹಾಕ್ಬೇಕು."

"ನೀವೇ ಹಾಕಿ ಸಾರ್," ಎಂದಳು ನಾದಿನಿ ಪೈಪು ಬಿಡದೆ.

"ನಾನೆಲ್ಲಮ್ಮ ಮುಟ್ಟಿದೆ? ನಾನು ಬರೀ ನೆಂದಿದ್ದು." ಅವರು ಒದ್ದೆ ಹಾಳೆಯ ಮೇಲೆ "ಪಾಸು" ಎಂದು ಬರೆದು, ಶಾಯಿ ಹರಡಿಹೋದದ್ದು ನೋಡಿ, ಒಣಗಿದ ಹಾಳೆ ತರಿಸಿ ಮತ್ತೆ ಬರೆದು, ಮುದ್ರೆ ಒತ್ತಿದರು. "ಈಗ ಹಾಕಿಯಮ್ಮ ಸಹಿ. ಉದ್ದ ಬರೀಬೇಡಿ."

ಪಂಪಕ್ಕ ಸಹಿ ಹಾಕಿದಳು. ಹೊರಗೆ ಬಂದು ಗಂಡನಿಗೆ ಫೋನು ಮಾಡಿದಳು.

"ಏನಾಯ್ತೇ?"

"ಪಾಸು."

ಆ ಕಡೆ ಏನೋ ಕಬ್ಬಿಣದ ಸಾಮಾನು ಕೆಳಗೆ ಬಿದ್ದ ಸದ್ದು. ಆಮೇಲೆ ಗಂಡನ ದನಿ, ಸಣ್ಣಗೆ: "ಹಾಗಾದ್ರೆ ಇನ್ಮೇಲೆ ನಾನು ನಿನ್ನ ಕೈಕೆಳಗೆ ಅನ್ನು."

"ಇಷ್ಟು ದಿನ ಯಾರ ಕೈಕೆಳಗೆ ಇದ್ರಿ?"

"ಅದೂ ನಿಜವೇ. ಲೇ, ಸ್ಕೂಲ್ ಹಿಂದಿನ ಮನೆಯವರು ಬೆಳಗ್ಗಿಂದ ಅಂಗಡೀಲಿ ಕೂತಿದಾರೆ. ಪಂಪು ಬೇರೆ ಯಾರೋ ಇಳಿಸಿದ್ದಂತೆ, ಸಹಿ ಒಂದು ಹಾಕಿಕೊಟ್ರೆ ಸಾಕಂತೆ."

"ಕೂತಿರ್ಲಿ," ಎಂದಳು ಪಂಪಕ್ಕ, ಸೆರಗು ಹಿಂಡುತ್ತ. "ಅದು ಯಾವ ಕಡೆ ತಿರುಗ್ತಿದೆ ಅಂತ ನೋಡದೆ ನಾನು ಹಾಕಲ್ಲ ಅಂತ ಹೇಳಿ."